ಒಂದೇ ಕೈಯಲ್ಲಿ ಮಡಚೋಕಾಗುತ್ತಾ? ಲಂಡನ್ನಿಗೆ ಹೊಸದಾಗಿ ಬಂದ ಅಪ್ಪ-ಅಮ್ಮಂದಿರಿಗೆ ಒಂದು ಬಗ್ಗಿ ಪುರಾಣ

ಹೊಸದಾಗಿ ಬಂದವರ ಮನೆಗೆ ಊಟಕ್ಕೆ ಹೋದಾಗ ಬಸುರಿ ಹೆಣ್ಣುಮಗಳೊಬ್ಬಳು ಫೋನ್ ತೆಗೆದು "ಅಕ್ಕಾ, ಈ ಬಗ್ಗಿ ಹೇಗಿದೆ ನೋಡಿ" ಅಂತ ಮಗುವನ್ನು ಕೂರಿಸಿ ತಳ್ಳುವ ಗಾಡಿಯ ಚಿತ್ರ ತೋರಿಸುತ್ತಾಳೆ. ನಾನು ಚಿತ್ರ ನೋಡುವುದಿಲ್ಲ. "ನಿಮ್ಮನೆ ಎಷ್ಟನೇ ಮಹಡಿ? ಲಿಫ್ಟ್ ಇದೆಯಾ? ಅಮ್ಮ ಎಷ್ಟು ದಿನ ಇರ್ತಾರೆ?" ಅಂತ ಕೇಳುತ್ತೇನೆ. ಅವಳ ಗಂಡ ಸ್ವಲ್ಪ ವಿಚಿತ್ರವಾಗಿ ನೋಡುತ್ತಾನೆ. ನೋಡಲಿ. ಈ ಮೂರು ಪ್ರಶ್ನೆಗಳನ್ನು ನನಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ನಾನು ತೆತ್ತ ದಂಡ 650 ಪೌಂಡ್.

ಕಾಗದಪತ್ರದ ಮಾತು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತೇನೆ: ಇಂಗ್ಲೆಂಡಿನಲ್ಲಿ ಹುಟ್ಟಿದ 42 ದಿನದೊಳಗೆ ಜನನ ನೋಂದಣಿ ಮಾಡಿಸಿ, ಮಗುವನ್ನು ಜಿಪಿ (ನಿಮ್ಮ ಏರಿಯಾದ ಕುಟುಂಬ ವೈದ್ಯರು) ಹತ್ತಿರ ನೋಂದಾಯಿಸಿ, ಮಗುವಿನ ಆರೋಗ್ಯದ ದಾಖಲೆಯಿರುವ ಕೆಂಪು ಪುಸ್ತಕ ಕಳೆಯಬೇಡಿ, ವೀಸಾದ ಮೇಲೆ ಇರುವವರು ಚೈಲ್ಡ್ ಬೆನಿಫಿಟ್ (ಮಕ್ಕಳಿಗಾಗಿ ಸರ್ಕಾರ ಕೊಡುವ ಭತ್ಯೆ) ಅರ್ಜಿಗೆ ಮುಂಚೆ ವೀಸಾದ ಷರತ್ತು ಓದಿ. ಇದನ್ನೆಲ್ಲ ಹೇಳಿಕೊಡೋಕೆ ಬೇಕಾದಷ್ಟು ಜನ ಇದ್ದಾರೆ. ಬಗ್ಗಿ ವಿಷಯ ಹೇಳುವವರು ಕಡಿಮೆ.

ನಮ್ಮ ಮಗಳು ಹುಟ್ಟಿದ್ದು 2014ರ ಆಗಸ್ಟಿನಲ್ಲಿ. ಆಗ ಲಂಡನ್ನಿನ ಹ್ಯಾರೋದಲ್ಲಿ ಒಂದು ಅಂಗಡಿಯ ಮೇಲಿನ ಫ್ಲಾಟಿನಲ್ಲಿದ್ದೆವು. ರಸ್ತೆಬಾಗಿಲು ತೆಗೆದರೆ ನೇರ ಹದಿನೇಳು ಮೆಟ್ಟಿಲು, ಕಡಿದಾದವು, ಮೇಲೆ ಸವೆದ ಕಾರ್ಪೆಟ್. ದೊಡ್ಡ ಅಂಗಡಿಯೊಂದಕ್ಕೆ ಹೋಗಿ, ನುಣುಪಾದ ನೆಲದ ಮೇಲೆ ಬೆರಳಲ್ಲಿ ತಳ್ಳಿದರೂ ಓಡುವ ಪ್ರಾಮ್ ನೋಡಿ ಮರುಳಾದೆವು. ಮಲಗಿಸುವ ತೊಟ್ಟಿಲು, ಕೂರಿಸುವ ಸೀಟು, ಕಾರ್ ಸೀಟು, ಮೂರೂ ಒಂದೇ ಚೌಕಟ್ಟಿಗೆ ಕೂರುತ್ತವೆ. ನಮ್ಮವರಿಗೆ ಪೌಂಡನ್ನು ರೂಪಾಯಿಗೆ ಗುಣಿಸುವ ಕಾಯಿಲೆ ಇನ್ನೂ ಬಿಟ್ಟಿರಲಿಲ್ಲ. "ಊರಲ್ಲಿ ಇಷ್ಟಕ್ಕೆ ಹೊಸ ಸ್ಕೂಟರ್ ಬರುತ್ತೆ" ಅಂದರು. ಅಂದು, ಕಾರ್ಡ್ ತೆಗೆದು ಕೊಟ್ಟರು. ಮೊದಲ ಮಗು ನೋಡಿ. ತೂಕ ಎಷ್ಟು ಅಂತ ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ಮಗು ಇಲ್ಲದೆಯೇ ಅದು 14 ಕಿಲೋ ಇತ್ತು.

ಬಾಣಂತನಕ್ಕೆ ಹಾಸನದಿಂದ ಅಮ್ಮ ಬಂದಿದ್ದರು. ಅವರಿಗೆ ಈ ಗಾಡಿಯ ಮೇಲೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. "ಮಗೂನ ತರಕಾರಿ ಹಂಗೆ ತಳ್ಕೊಂಡು ಹೋಗ್ತೀಯೇನೇ?" ಅಂತ ಕೇಳಿದ್ದರು. ಆದರೂ ಆಯುಧಪೂಜೆ ದಿನ ಬೆಳಿಗ್ಗೆ ಎದ್ದು ನೋಡಿದರೆ ಪ್ರಾಮಿನ ಹಿಡಿಗೆ ಅರಿಶಿನ ಕುಂಕುಮ, ಚಕ್ರದಡಿ ನಾಲ್ಕು ನಿಂಬೆಹಣ್ಣು. "ವಾಹನ ತಾನೇ" ಅಂದರು. ಆ ಕುಂಕುಮದ ಕಲೆ ಕೊನೆವರೆಗೂ ಹೋಗಲಿಲ್ಲ.

ಅಮ್ಮ ಇದ್ದಷ್ಟು ದಿನ ಆ ಪ್ರಾಮ್ ಭಾರ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ನಾನು ಅದನ್ನು ಇಳಿಸುವಾಗ ಮಗು ಅಮ್ಮನ ತೋಳಲ್ಲಿರುತ್ತಿತ್ತು. ಜನವರಿಯಲ್ಲಿ ಅವರು ವಿಮಾನ ಹತ್ತಿದರು. ನಮ್ಮವರು ಎರಡು ವಾರದ ರಜೆ ಮುಗಿಸಿ ಆಫೀಸಿಗೆ ಹೋಗಲು ಶುರುಮಾಡಿ ಆಗಲೇ ತಿಂಗಳುಗಳಾಗಿದ್ದವು. ಸೋಮವಾರ ಬೆಳಿಗ್ಗೆ ಮೆಟ್ಟಿಲ ತುದಿಯಲ್ಲಿ ನಿಂತಾಗ ಚಿಕ್ಕಂದಿನ ಹುಲಿ-ಮೇಕೆ-ಹುಲ್ಲಿನ ಒಗಟು ನೆನಪಾಯಿತು. ಪ್ರಾಮ್ ಮೊದಲು ಇಳಿಸೋಣ ಅಂದರೆ ಮಗು ಮೇಲೆ ಒಂಟಿ. ಮಗು ಮೊದಲು ಅಂದರೆ ಕೆಳಗೆ ಬಾಗಿಲಾಚೆ ರಸ್ತೆ. ಅಂಬಿಗನಿಗಾದರೂ ಒಂದು ದೋಣಿ ಇತ್ತು. ನಾನು ಮಗುವನ್ನು ಬಟ್ಟೆಯಲ್ಲಿ ಎದೆಗೆ ಕಟ್ಟಿಕೊಂಡು, ಪ್ರಾಮನ್ನು ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಧಡ್ ಧಡ್ ಇಳಿಸಿದೆ. ಅಪಾಯದ ಕೆಲಸ, ನೀವು ಮಾಡಬೇಡಿ.

ಬಸ್ಸಿನ ಕಥೆ ಹೇಳಲೇಬೇಕು. ಇಲ್ಲಿನ ಬಸ್ಸಿನ ಮಧ್ಯದ ಖಾಲಿ ಜಾಗ ಬಗ್ಗಿಯದು ಅಂತ ನಾನು ತಿಳಿದಿದ್ದೆ. ಅದು ಗಾಲಿಕುರ್ಚಿಯವರ ಜಾಗ. ಅವರು ಇಲ್ಲದಿದ್ದರೆ ಮಾತ್ರ ನಮ್ಮದು. ಒಂದು ಮಾರ್ಚ್ ಮಳೆಯಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹಿರಿಯರು ಬಂದರು, ಡ್ರೈವರ್ ನನಗೆ ಮಡಚಿ ಅಂದ. ನಮ್ಮ ಪ್ರಾಮ್ ಮಡಚಬೇಕಾದರೆ ಮೊದಲು ಸೀಟು ಕಳಚಬೇಕು, ಆಮೇಲೆ ಎರಡು ಕಡೆಯ ಗುಂಡಿ ಒಟ್ಟಿಗೆ ಒತ್ತಬೇಕು. ನಿದ್ದೆಯಲ್ಲಿದ್ದ ಮಗುವನ್ನು ಯಾರ ಕೈಗೆ ಕೊಡಲಿ? ನಮ್ಮೂರ ಬಸ್ಸಾಗಿದ್ದರೆ ಕೇಳುವ ಮೊದಲೇ ನಾಲ್ಕು ಕೈ ಬರುತ್ತಿದ್ದವು, "ಕೊಡಮ್ಮ ಇಲ್ಲಿ" ಅಂತ. ಇಲ್ಲಿ ಯಾರೂ ಕೇಳಲಿಲ್ಲ. ತಪ್ಪು ಅವರದ್ದಲ್ಲ, ಪರರ ಮಗುವನ್ನು ಕೇಳದೆ ಮುಟ್ಟಬಾರದು ಅನ್ನುವುದು ಇಲ್ಲಿನ ಮರ್ಯಾದೆ. ನಾನೂ ಬಾಯಿಬಿಟ್ಟು ಕೇಳಲಿಲ್ಲ. ಮಳೆಯಲ್ಲಿ ಇಳಿದುಬಿಟ್ಟೆ, ಸ್ಟಾಪಿನಲ್ಲಿ ನಿಂತು ಅತ್ತೆ.

2017ರಲ್ಲಿ ಡಗ್ ಪೌಲಿ ಅವರ ಮೊಕದ್ದಮೆಯ ತೀರ್ಪಿನ ಸುದ್ದಿ ಓದುವಾಗ ಆ ದಿನ ಮತ್ತೆ ಕಣ್ಣೆದುರು ಬಂತು. 2012ರಲ್ಲಿ ಲೀಡ್ಸ್‌ಗೆ ಹೋಗುವ ಬಸ್ಸೊಂದರಲ್ಲಿ, ಮಗು ಮಲಗಿದೆ, ಪುಶ್‌ಚೇರ್ ಮಡಚಲು ಬರುವುದಿಲ್ಲ ಅಂತ ತಾಯಿಯೊಬ್ಬಳು ಜಾಗ ಬಿಡದೆ, ಗಾಲಿಕುರ್ಚಿಯ ಪೌಲಿ ಹತ್ತಲಾಗಲಿಲ್ಲ. ಡ್ರೈವರ್ ಸುಮ್ಮನೆ ಒಮ್ಮೆ ಕೇಳಿ ಬಿಡುವುದು ಸಾಲದು, ಅದಕ್ಕಿಂತ ಹೆಚ್ಚು ಪ್ರಯತ್ನಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನ್ಯಾಯ ಪೌಲಿಯವರ ಕಡೆಗೇ ಇದೆ, ಅನುಮಾನವಿಲ್ಲ. ಆದರೆ ಆ ತಾಯಿಯ ಕೈ ಎಷ್ಟು ತುಂಬಿತ್ತೋ ಅಂತಲೂ ಯೋಚಿಸಿದೆ.

ಎರಡನೇ ತಪ್ಪು ಮೊದಲನೆಯದಕ್ಕೆ ಸೇಡು. 650 ಕೊಟ್ಟು ಕೆಟ್ಟೆವು, ಈ ಸಲ 30 ಪೌಂಡಿನದು ತರೋಣ ಅಂತ ಕೊಡೆಯ ಹಾಗೆ ಮಡಚುವ ಬಗ್ಗಿ ತಂದೆವು. ಆ ಜಾತಿಯ ಬಗ್ಗಿಯ ಹುಟ್ಟು ಮಾತ್ರ ಚೆನ್ನಾಗಿದೆ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರದ ಭಾಗದ ವಿನ್ಯಾಸದಲ್ಲಿ ಕೆಲಸ ಮಾಡಿದ್ದ ಓವನ್ ಮೆಕ್ಲಾರೆನ್ ಎಂಬ ಎಂಜಿನಿಯರ್, ಭಾರದ ಪ್ರಾಮ್ ಹೊತ್ತು ಇಂಗ್ಲೆಂಡ್-ಅಮೆರಿಕ ಪ್ರಯಾಣ ಮಾಡುವ ಕಷ್ಟವನ್ನು ಮಗಳು ಹೇಳಿಕೊಂಡಾಗ, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಮೂರು ಕಿಲೋಗೂ ಕಡಿಮೆ ತೂಕದ ಗಾಡಿ ರೂಪಿಸಿದರು. ದೂರದ ಊರಿಗೆ ಹೋದ ಮಗಳಿಗಾಗಿ ಅಪ್ಪ ಮಾಡಿಕೊಟ್ಟದ್ದು ಅಂತ ತಿಳಿದಾಗ ನನಗೆ ಯಾಕೋ ಗಂಟಲು ಕಟ್ಟಿತು. ನಾನು ತಂದ ಅಗ್ಗದ ನಕಲಿನಲ್ಲಿ ಅಂಥ ಪ್ರೀತಿ ಏನೂ ಇರಲಿಲ್ಲ. ಹಿಡಿಗೆ ಐದು ಕಿಲೋ ಸೋನಾ ಮಸೂರಿ, ಮೆಂತ್ಯ ಸೊಪ್ಪು, ಎರಡು ತೆಂಗಿನಕಾಯಿ ನೇತುಹಾಕಿ, ಮಗುವನ್ನು ಎತ್ತಿಕೊಂಡೆ ನೋಡಿ, ಗಾಡಿ ಹಿಂದಕ್ಕೆ ಮಗುಚಿ ಕಾಯಿ ಉರುಳಿ ರಸ್ತೆಗೆ ಹೋಯಿತು. ಮಗು ಅದರಲ್ಲೇ ಇದ್ದು ಮಗುಚಿದ್ದರೆ ತಲೆಗೇ ಪೆಟ್ಟು. ಹಿಡಿಗೆ ಚೀಲ ನೇತುಹಾಕಬೇಡಿ. ಬುಟ್ಟಿ ಎಷ್ಟು ಕಿಲೋ ತಾಳುತ್ತೆ ಅಂತ ಬಗ್ಗಿಯ ಮೇಲೆ ಬರೆದಿರುತ್ತೆ, ಓದಿ. ಅಕ್ಕಿಯನ್ನು ಮನೆಗೆ ತರಿಸಿಕೊಳ್ಳಿ.

ಹಾಗಾದರೆ ಯಾವುದು ಕೊಳ್ಳಬೇಕು? ಹೆಸರು ಹೇಳುವುದಿಲ್ಲ, ಮಾದರಿಗಳು ವರ್ಷ ವರ್ಷ ಬದಲಾಗುತ್ತವೆ. ಪರೀಕ್ಷೆ ಮಾಡುವುದು ಹೇಗೆ ಅಂತ ಹೇಳುತ್ತೇನೆ. ಅಂಗಡಿಗೆ ಹೋಗುವಾಗ ಐದು ಕಿಲೋ ಅಕ್ಕಿ ಮೂಟೆ ತೆಗೆದುಕೊಂಡು ಹೋಗಿ. ನಗಬೇಡಿ, ನಾನು ಹೋಗಿದ್ದೆ. ಎಡಗೈಯಲ್ಲಿ ಮೂಟೆಯನ್ನು ಮಗುವಿನ ಹಾಗೆ ಸೊಂಟಕ್ಕೆ ಇಟ್ಟುಕೊಂಡು, ಬಲಗೈ ಒಂದರಲ್ಲೇ ಬಗ್ಗಿ ಮಡಚಿ, ಎತ್ತಿ, ಅಂಗಡಿಯ ಮೆಟ್ಟಿಲಿದ್ದರೆ ಹತ್ತಿ ಇಳಿದು, ಮತ್ತೆ ಬಿಡಿಸಿ. ಅಂಗಡಿಯ ಹುಡುಗಿ ತೋರಿಸಿದರೆ ಒಪ್ಪಬೇಡಿ, ಅವಳು ದಿನಕ್ಕೆ ಇಪ್ಪತ್ತು ಸಲ ಮಡಚುತ್ತಾಳೆ. ಮಡಚಿದ ಮೇಲೆ ತಾನಾಗಿ ನಿಲ್ಲುತ್ತದೋ ಅಥವಾ ಒರಗಿಸಲು ಗೋಡೆ ಹುಡುಕಬೇಕೋ ನೋಡಿ. ಇಲ್ಲಿನ ಸಾಲುಮನೆಗಳ ಹಜಾರ ನಮ್ಮೂರ ಬಚ್ಚಲಿಗಿಂತ ಕಿರಿದು. ಮೂರನೇ ಸಲ ನಾವು ಕೊಂಡದ್ದು ಏಳು ಕಿಲೋ ಒಳಗಿನದು, ಇದೇ ಪರೀಕ್ಷೆಯಲ್ಲಿ ಪಾಸಾದದ್ದು.

ಚಿಕ್ಕದಾಗಿ ಮಡಚುವ ಎಲ್ಲ ಗಾಡಿಯೂ ಹಸುಗೂಸಿಗೆ ಆಗುವುದಿಲ್ಲ. ಮಗು ತಾನಾಗಿ ಕೂರುವವರೆಗೆ, ಸುಮಾರು ಆರು ತಿಂಗಳವರೆಗೆ, ಪೂರ್ತಿ ಅಂಗಾತ ಮಲಗಿಸುವಂತಿರಬೇಕು. ಐದು ಕಡೆ ಬಿಗಿಯುವ ಪಟ್ಟಿ ಇರಲಿ. ಇಎನ್ 1888 ಅನ್ನುವ ಸುರಕ್ಷತಾ ಮಾನಕದ ಗುರುತು ನೋಡಿ. ಅದರ ಮೊದಲ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಎರಡನೆಯದು 22 ಕಿಲೋವರೆಗೆ. 22ರದ್ದನ್ನೇ ತೆಗೆದುಕೊಳ್ಳಿ, ಮೂರು ವರ್ಷದ ಮಗುವೂ ಸಂಜೆ ಹೊತ್ತಿಗೆ "ಕಾಲು ನೋವು" ಅನ್ನುತ್ತದೆ. ಮಡಚುವ ಸಂಧಿಯಲ್ಲಿ ಬೆರಳು ಸಿಕ್ಕುವುದು ನಿಜವಾದ ಅಪಾಯ. 2009ರಲ್ಲಿ ಅಮೆರಿಕದಲ್ಲಿ ಇದೇ ಕಾರಣಕ್ಕೆ ಸುಮಾರು ಹತ್ತು ಲಕ್ಷ ಬಗ್ಗಿಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಬಿಡಿಸುವಾಗ ಮಡಚುವಾಗ ಮಗು ದೂರ ಇರಲಿ. ಸೆಕೆಂಡ್ ಹ್ಯಾಂಡ್ ಬಗ್ಗಿ ಧಾರಾಳವಾಗಿ ಕೊಳ್ಳಿ, ಪಟ್ಟಿ ಬ್ರೇಕು ನೋಡಿಕೊಂಡು. ಚರಿತ್ರೆ ಗೊತ್ತಿಲ್ಲದ ಸೆಕೆಂಡ್ ಹ್ಯಾಂಡ್ ಕಾರ್ ಸೀಟು ಮಾತ್ರ ಬೇಡ.

ಬ್ರೇಕನ್ನು ಚಪ್ಪಲಿ ಹಾಕಿಕೊಂಡು ಪರೀಕ್ಷಿಸಿ. ಕೆಲವನ್ನು ಬಿಡಿಸಲು ಹೆಬ್ಬೆರಳಿನಿಂದ ಮೇಲಕ್ಕೆ ಎತ್ತಬೇಕು, ಬೇಸಿಗೆಯಲ್ಲಿ ಉಗುರು ಕಿತ್ತುಬರುತ್ತದೆ. ಮಳೆಯ ಹೊದಿಕೆ ಜೊತೆಗೇ ಕೊಳ್ಳಿ. ಇನ್ನು ನಮ್ಮ ಕಡೆಯ ಜನರ ಒಂದು ಅಭ್ಯಾಸ: ಗಾಳಿಗೆ, ಬಿಸಿಲಿಗೆ, ದೃಷ್ಟಿಗೆ ಅಂತ ಗಾಡಿಯ ಮೇಲೆ ದುಪಟ್ಟಾ ಹೊದಿಸಿಬಿಡುವುದು. ಬಿಸಿಲಲ್ಲಿ ಒಳಗೆ ಗಾಳಿಯಾಡದೆ ಕಾವೇರುತ್ತದೆ, ಮಗುವಿನ ಮುಖವೂ ಕಾಣುವುದಿಲ್ಲ. ಕೊಡೆ ಹಿಡಿಯಿರಿ, ದೃಷ್ಟಿಗೆ ಕೆನ್ನೆಗೊಂದು ಬೊಟ್ಟು ಸಾಕು.

ರೈಲಿನ ಮಾತು. ಮೆಟ್ಟಿಲಿಲ್ಲದ ದಾರಿ ತೋರಿಸುವ ಟ್ಯೂಬ್ (ಲಂಡನ್ನಿನ ಸುರಂಗ ರೈಲು) ನಕ್ಷೆ ಫೋನಿನಲ್ಲಿರಲಿ. ಎಲಿಜಬೆತ್ ಲೈನಿನ 41 ಸ್ಟೇಷನ್ನಿನಲ್ಲೂ ಪ್ಲಾಟ್‌ಫಾರ್ಮಿನವರೆಗೆ ಮೆಟ್ಟಿಲಿಲ್ಲದೆ ಹೋಗಬಹುದು. ಇದು ನಮ್ಮ ಕಾಲಕ್ಕೆ ಇರಲಿಲ್ಲ, ನೀವು ಪುಣ್ಯವಂತರು.

ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು, ಇವತ್ತಿಗೂ ಚುಚ್ಚುತ್ತದೆ. ಮೂರನೇ ಬಗ್ಗಿಯಲ್ಲಿ ಮಗು ಕೂರುವುದು ರಸ್ತೆಯ ಕಡೆ ಮುಖಮಾಡಿ. ಲೋಕ ನೋಡಲಿ ಬಿಡು ಅಂದುಕೊಂಡೆ. 2008ರಲ್ಲಿ ಡಂಡೀ ವಿಶ್ವವಿದ್ಯಾಲಯದ ಸುಝಾನ್ ಝೀಡಿಕ್ ಬ್ರಿಟನ್ನಿನ ರಸ್ತೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಪ್ಪ-ಅಮ್ಮಂದಿರನ್ನು ಗಮನಿಸಿದ ಅಧ್ಯಯನದಲ್ಲಿ, ಮಗು ತಮ್ಮ ಕಡೆ ಮುಖಮಾಡಿದ್ದಾಗ ಅವರು ಎರಡು ಪಟ್ಟು ಮಾತಾಡುತ್ತಿದ್ದರಂತೆ. ಇಂಗ್ಲಿಷ್ ಮಗುವಿಗೆ ಆ ನಷ್ಟವನ್ನು ರಸ್ತೆ, ನರ್ಸರಿ, ಟೀವಿ ತುಂಬಿಕೊಡುತ್ತವೆ. ನಮ್ಮ ಮಗುವಿಗೆ ಕನ್ನಡ ಬರಬೇಕಾದ್ದು ಒಂದೇ ಬಾಯಿಂದ, ನಾನು ಆ ಬಾಯಿಯನ್ನು ಅವಳ ಬೆನ್ನ ಹಿಂದೆ ಇಟ್ಟಿದ್ದೆ. ದಿನಕ್ಕೆ ಒಂದು ಗಂಟೆ ನರ್ಸರಿ ದಾರಿ, ಎರಡು ವರ್ಷ. ಈಗ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ತಪ್ಪೆಲ್ಲ ಬಗ್ಗಿಯದು ಅಂತ ಹೇಳುವಷ್ಟು ದಡ್ಡಿ ನಾನಲ್ಲ. ಆದರೂ ಎರಡೂ ಕಡೆ ತಿರುಗಿಸಬಹುದಾದ ಸೀಟಿಗೆ ಅರ್ಧ ಕಿಲೋ ಹೆಚ್ಚಾದರೂ ಪರವಾಗಿಲ್ಲ, ತೆಗೆದುಕೊಳ್ಳಿ ಅನ್ನುತ್ತೇನೆ.

ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ಅನಾವರಣವಾದದ್ದು 2015ರ ನವೆಂಬರಿನಲ್ಲಿ. ಮರುವರ್ಷ ಬಸವ ಜಯಂತಿಯ ಸುಮಾರಿಗೆ ನಾವು ಮೊದಲ ಸಲ ಹೋದೆವು. ಅಲ್ಲಿ ಸಿಕ್ಕ ನಾಲ್ಕಾರು ಕನ್ನಡ ಕುಟುಂಬದವರು ನಮಸ್ಕಾರ ಹೇಳಿ ಮುಗಿಸುವ ಮೊದಲೇ ಮಗುವಿಗೆ ಕೈಚಾಚಿದರು. ಧಾರವಾಡದ ಅಜ್ಜಿಯೊಬ್ಬರು "ಬಾರವ್ವ" ಅಂತ ಎತ್ತಿಕೊಂಡರು, ಅವರಿಂದ ಇನ್ನೊಬ್ಬರಿಗೆ. ಎರಡು ಗಂಟೆ ಬಗ್ಗಿಯಲ್ಲಿ ಬರೀ ಎಲ್ಲರ ಕೋಟುಗಳು ಕೂತಿದ್ದವು. ಆ ವರ್ಷ ಹಾಸನಕ್ಕೆ ಹೋದಾಗಲೂ ಹಾಗೇ ಆಯಿತು. ವಿಮಾನದ ಕ್ಯಾಬಿನ್ನಿಗೆ ಆಗುವ ಅಳತೆ ಅಂತ ಹೆಮ್ಮೆಯಿಂದ ಒಯ್ದಿದ್ದೆ (ಅಳತೆ ಒಂದೊಂದು ವಿಮಾನಕ್ಕೆ ಒಂದೊಂದು, ಮೊದಲೇ ಕೇಳಿ). ಐದು ವಾರದಲ್ಲಿ ಮಗು ಅದರಲ್ಲಿ ಕೂತದ್ದು ಒಂದು ಸಲ, ಚಕ್ರ ಫುಟ್‌ಪಾತಿನ ಕಲ್ಲಿನ ಸಂದಿಗೆ ಸಿಕ್ಕಿಕೊಂಡು ವಾಪಸ್. ಉಳಿದಂತೆ ಅಪ್ಪ ಅದರಲ್ಲಿ ಹಿತ್ತಿಲಿನ ಕಾಯಿ ಸಾಗಿಸುತ್ತಿದ್ದರು. ಹೀಥ್ರೋದಲ್ಲಿ ಇಳಿದು, ಒಂದು ಕೈಯಲ್ಲಿ ನಿದ್ದೆಗಣ್ಣಿನ ಮಗು, ಇನ್ನೊಂದು ಕೈಯಲ್ಲಿ ಝಾಡಿಸಿ ಬಿಡಿಸಿದಾಗ ಬುಟ್ಟಿಯಿಂದ ತೆಂಗಿನ ನಾರು ಉದುರಿತು.

ಮೊದಲನೆಯ ಪ್ರಾಮನ್ನು 120 ಪೌಂಡಿಗೆ ಮಾರಿದೆವು. ಕೊಂಡ ಹೆಂಗಸು ಹಿಡಿಯ ಮೇಲಿನ ಕೆಂಪು ಕಲೆ ಏನು ಅಂತ ಕೇಳಿದರು, ನಮ್ಮವರು ಇನ್ಶೂರೆನ್ಸ್ ಅಂದರು. ಮೂರನೆಯದು ಈಗಲೂ ನಮ್ಮನೆ ಮೆಟ್ಟಿಲ ಕೆಳಗಿದೆ. ಬೇಕಾದವರು ಬನ್ನಿ, ನಮ್ಮನೆ ಮೆಟ್ಟಿಲ ಮೇಲೇ ಹತ್ತಿಳಿಸಿ ನೋಡಿ, ಅಕ್ಕಿ ಮೂಟೆ ನಾನೇ ಕೊಡುತ್ತೇನೆ. ಹಿಂದಿನ ಎಡಚಕ್ರ ಸ್ವಲ್ಪ ಕಿರ್ ಅನ್ನುತ್ತದೆ. ಅದಕ್ಕೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ. ಇಲ್ಲಿನ ಚಳಿಗೆ ಗಟ್ಟಿಕಟ್ಟಿ ಚಕ್ರವೇ ನಿಂತುಬಿಡುತ್ತದೆ, ಅದನ್ನೂ ನಾನು ಮಾಡಿ ನೋಡಿದ್ದೇನೆ.