ಬನ್ನಿಯೋ ಜಾಲಿಯೋ: ಎಲೆ, ಮುಳ್ಳು ನೋಡಿ ಗಿಡ ಗುರುತಿಸುವುದು

ವಿಜಯಪುರ, ಬಾಗಲಕೋಟೆಯ ಎರೆ ಹೊಲದ ಬದುಗಳಲ್ಲಿ ಬನ್ನಿ, ಕರಿಜಾಲಿ, ಬಳ್ಳಾರಿ ಜಾಲಿ ಅಕ್ಕಪಕ್ಕವೇ ಬೆಳೆದಿರುತ್ತವೆ. ಮೂರರ ಎಲೆಯೂ ಸಣ್ಣ ಗರಿಯಂತೆ. ದೂರದಿಂದ ನೋಡಿ ದಸರೆಗೆ ಬನ್ನಿ ಮುರಿಯಲು ಹೋದರೆ ಕೈಗೆ ಜಾಲಿ ಬಂದೀತು.

ಮೊದಲು ಒಂದು ಎಲೆ ಎಂದರೆ ಎಷ್ಟು ಎಂದು ತಿಳಿಯಿರಿ. ತೊಟ್ಟು ಟೊಂಗೆಗೆ ಕೂಡುವ ಸಂದಿಯಲ್ಲಿ ಮೊಗ್ಗು ಇರುತ್ತದೆ, ಎಲೆಯೊಳಗಿನ ಚಿಕ್ಕ ಹೋಳಾದ ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಹಾಗಾಗಿ ಬೇವಿನಲ್ಲಿ ಕಿರುಎಲೆಗಳ ಸಮೇತ ಇಡೀ ಕಡ್ಡಿಯೇ ಒಂದು ಎಲೆ. ಇಲ್ಲಿ ಎಡವಿದರೆ ಮುಂದಿನ ಎಣಿಕೆಯೆಲ್ಲ ತಪ್ಪುತ್ತದೆ.

ಈಗ ಹೊಸ ಟೊಂಗೆಯೊಂದನ್ನು ಹಿಡಿದು ಮುಳ್ಳು ನೋಡಿ. ಹಳೆಯ ಟೊಂಗೆಯಲ್ಲಿ ಮುಳ್ಳು ಉದುರಿರಬಹುದು. ಬನ್ನಿಯ ಮುಳ್ಳು ಗುಲಾಬಿಯದರಂತೆ ಗಿಡ್ಡ, ಬುಡ ಅಗಲ. ಗೆಣ್ಣುಗಳ ನಡುವೆ ಅಲ್ಲೊಂದು ಇಲ್ಲೊಂದು ಒಂಟಿಯಾಗಿ ಎದ್ದಿರುತ್ತದೆ. ಜಾಲಿಗಳೆರಡರಲ್ಲೂ ಅದು ಗೆಣ್ಣಿನಲ್ಲೇ, ಸಾಮಾನ್ಯವಾಗಿ ಜೋಡಿಯಾಗಿ, ನೆಟ್ಟಗೆ. ಇವೆರಡನ್ನು ಬೇರೆ ಮಾಡಲು ಪಟ್ಟಿ ಇಟ್ಟು ಅಳೆಯಿರಿ: ಕರಿಜಾಲಿಯ ಕಿರುಎಲೆ 3ರಿಂದ 6 ಮಿ.ಮೀ., ಒಂದೆಲೆಗೆ ಸಾಮಾನ್ಯವಾಗಿ ಮೂರು ಇಲ್ಲವೇ ಹೆಚ್ಚು ಜೋಡಿ ಗರಿ (ನಡುಕಡ್ಡಿಯಿಂದ ಒಡೆದ, ಕಿರುಎಲೆ ಹೊತ್ತ ಕವಲು). ಬಳ್ಳಾರಿ ಜಾಲಿಯಲ್ಲಿ ಗರಿ ಒಂದೆರಡು ಜೋಡಿಯಷ್ಟೇ, ಕಿರುಎಲೆ ಉದ್ದ. ಹೂವಿದ್ದರೆ ಕೆಲಸ ಇನ್ನೂ ಸಲೀಸು: ಹಳದಿ ಗುಂಡು ಹೂವು ಕರಿಜಾಲಿಯದು, ಉಳಿದೆರಡರದ್ದು ತೆನೆ.

ಬೆಳಗಾವಿ ಕಡೆ ದಸರೆಗೆ ಕೊಡುವ ಆಪ್ಟಾ ಬೇರೆಯೇ ಗಿಡ. ಅದರ ಎಲೆ ಅಗಲ, ತುದಿಯಲ್ಲಿ ಸೀಳಿ ಎರಡು ಹೋಳು.

ಬೇವಿಗೂ ಹೆಬ್ಬೇವಿಗೂ ಗೊಂದಲವಾದರೆ ಕಡ್ಡಿ ನೋಡಿ. ಬೇವಿನಲ್ಲಿ ಕಿರುಎಲೆ ನೇರ ನಡುಕಡ್ಡಿಗೇ ಹತ್ತಿರುತ್ತದೆ, ಹೆಬ್ಬೇವಿನ ಕಡ್ಡಿ ಮತ್ತೆ ಕವಲೊಡೆಯುತ್ತದೆ. ಮುತ್ತಲಕ್ಕೂ ಬಿಲ್ವಕ್ಕೂ ಒಂದೆಲೆಗೆ ಮೂರು ಕಿರುಎಲೆಯೇ. ಆದರೆ ಬಿಲ್ವದೆಲೆಯನ್ನು ಬಿಸಿಲಿಗೆ ಹಿಡಿದರೆ ಸೂಜಿ ಚುಚ್ಚಿದಂತೆ ಬೆಳಕಿನ ಚುಕ್ಕಿಗಳು ಕಾಣುತ್ತವೆ, ಹಿಸುಕಿದರೆ ಘಮ ಬರುತ್ತದೆ.

ನೆಲಕ್ಕೆ ಬಿದ್ದ ಎಲೆಯನ್ನು ನಂಬಬೇಡಿ, ಪಕ್ಕದ ಗಿಡದ್ದೂ ಬಂದು ಬೀಳುತ್ತದೆ. ಕಡಿದ ಬೊಡ್ಡೆಯ ಚಿಗುರೂ ಮೋಸ ಮಾಡುತ್ತದೆ: ಸಾಗವಾನಿಯ ಬೊಡ್ಡೆಚಿಗುರಿನ ಎಲೆ ದೊಡ್ಡ ಮರದ್ದಕ್ಕಿಂತ ಎಷ್ಟೋ ಅಗಲ. ಟೊಂಗೆಯ ನಡುವಿನ, ಬಲಿತ ಮೂರು ಎಲೆ ಹೋಲಿಸಿ.

ಸರ್ವೆ ಮರದಲ್ಲಿ ಸೂಜಿಯಂತೆ ಜೋಲುವುದು ಎಲೆಯಲ್ಲ, ಹಸಿರು ಕಡ್ಡಿ. ಒಂದನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎಳೆಯಿರಿ, ಗೆಣ್ಣಿಗೆ ಸರಿಯಾಗಿ ಕಳಚುತ್ತದೆ. ಕಳಚಿದ ತುದಿಯ ಸುತ್ತ ಭೂತಗನ್ನಡಿಯಲ್ಲಿ ಕಾಣುವ ಆರರಿಂದ ಎಂಟು ಪುಟ್ಟ ಹಲ್ಲುಗಳೇ ಅದರ ಎಲೆ.