ಕರಾವಳಿಯಲ್ಲಿ ಬೇಸಿಗೆಯ ಮಳೆ, ತಾಪಮಾನ ಬರೆದಿಡುವ ಕ್ರಮ

ಮಾರ್ಚ್‌ನಿಂದ ಮೇ ವರೆಗಿನ ದಾಖಲೆ ಮಳೆಗಾಲದ ದಾಖಲೆಗಿಂತ ಸುಲಭವಾಗಿ ಕೆಡುತ್ತದೆ. ಜುಲೈಯಲ್ಲಿ ಎರಡು ಮಿ.ಮೀ. ತಪ್ಪಿದರೆ ತಿಂಗಳ ಮೊತ್ತಕ್ಕೆ ಏನೂ ಆಗದು. ಮಾರ್ಚ್‌ನಲ್ಲಾದರೆ ತಿಂಗಳಿಡೀ ಬಿದ್ದ ಮಳೆಯೇ ಅಷ್ಟಿರಬಹುದು. ತೋಟದಲ್ಲೋ ಶಾಲೆಯಲ್ಲೋ ನೀವು ಬರೆದ ಅಂಕಿಯನ್ನು ಪಣಂಬೂರು, ಹೊನ್ನಾವರ, ಕಾರವಾರದ ಹವಾಮಾನ ಕೇಂದ್ರಗಳ ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕೆಂದಿದ್ದರೆ, ಹವಾಮಾನ ಇಲಾಖೆಯ ಹೊತ್ತು ಮತ್ತು ಕ್ರಮವನ್ನೇ ಪಾಲಿಸಬೇಕು.

ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸರಿಯಾಗಿ ಮಟ್ಟವಾಗಿರಲಿ. ಹತ್ತಿರದ ಮರ, ಗೋಡೆಯ ಎತ್ತರದ ಎರಡು ಪಟ್ಟಾದರೂ ದೂರ ಬೇಕು. 15 ಮೀಟರಿನ ಅಡಿಕೆ ಮರವಿದ್ದರೆ 30 ಮೀಟರ್. ತೋಟದ ಒಳಗೆ ಇದು ಸಾಧ್ಯವೇ ಇಲ್ಲ. ಗದ್ದೆಯ ಬದಿಯೋ ತೆರೆದ ಜಾಗವೋ ಹುಡುಕಿ. ತಾರಸಿ ಬೇಡ, ಅಲ್ಲಿನ ಗಾಳಿ ಹನಿಗಳನ್ನು ಬಾಯಿಯಿಂದಾಚೆ ಒಯ್ಯುತ್ತದೆ. ಕಡಲ ಬದಿಯಲ್ಲಿ ತಗಡಿನ ಮಾಪಕ ತುಕ್ಕು ಹಿಡಿದು ತೂತಾಗುವುದರಿಂದ ಫೈಬರ್‌ನದೇ ಒಳ್ಳೆಯದು.

ಅಳತೆಯ ಗಾಜು ಮಾಪಕಕ್ಕೆ ಹೊಂದುವಂಥದ್ದೇ ಆಗಿರಬೇಕು. ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದ್ದರೆ 20 ಮಿ.ಲೀ. ನೀರು 1 ಮಿ.ಮೀ. ಮಳೆ, 100 ಚದರ ಸೆಂ.ಮೀ. ಇದ್ದರೆ 10 ಮಿ.ಲೀ. ಒಂದರ ಗಾಜಿನಲ್ಲಿ ಇನ್ನೊಂದರ ನೀರು ಅಳೆದರೆ ಮಳೆ ಎರಡರಷ್ಟೋ ಅರ್ಧದಷ್ಟೋ ಆಗಿಬಿಡುತ್ತದೆ. ಮಾಪಕ ಕೊಳ್ಳಲಾಗದವರು ಒಳವ್ಯಾಸ ಸರಿಯಾಗಿ 16 ಸೆಂ.ಮೀ. ಇರುವ, ಅಂಚು ನೇರವಾಗಿ ನಿಂತ ಆಲಿಕೆ ಹುಡುಕಿಕೊಳ್ಳಿ. ಅದರ ವಿಸ್ತೀರ್ಣ 201 ಚದರ ಸೆಂ.ಮೀ., ಹಾಗಾಗಿ 20 ಮಿ.ಲೀ. ಲೆಕ್ಕವೇ ನಡೆಯುತ್ತದೆ.

ಅಳೆಯುವ ಹೊತ್ತು ಬೆಳಿಗ್ಗೆ 8.30. ಗಾಜನ್ನು ಸಮತಟ್ಟಾದ ಕಡೆ ಇಟ್ಟು, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಬಾಗಿದ ಮೇಲ್ಮೈಯ ಕೆಳ ಅಂಚನ್ನು ಓದಿ. ಹಿಂದಿನ 24 ಗಂಟೆಯ ಮಳೆ ಅಳೆದ ದಿನಾಂಕಕ್ಕೇ ಸೇರುತ್ತದೆ. ಏಪ್ರಿಲ್ 12ರ ಸಂಜೆ ಗುಡುಗಿ ಸುರಿದದ್ದು ಏಪ್ರಿಲ್ 13ರ ಸಾಲಿಗೆ ಬರಬೇಕು. ಬೇಸಿಗೆ ಮಳೆ ಹೆಚ್ಚಾಗಿ ಸಂಜೆ, ರಾತ್ರಿಯೇ ಬರುವುದರಿಂದ ಇಲ್ಲಿ ಎಡವಿದರೆ ಇಡೀ ಪುಸ್ತಕ ಒಂದು ದಿನ ಜಾರಿ ನಿಲ್ಲುತ್ತದೆ. ಮೇ 31ರ ಸಂಜೆಯ ಮಳೆಯಂತೂ ಜೂನ್ ಲೆಕ್ಕಕ್ಕೇ ಹೋಗುತ್ತದೆ.

ಸೊನ್ನೆ ಬರೆಯುವಾಗಲೂ ಎಚ್ಚರ ಬೇಕು. ಮಳೆ ಇಲ್ಲದಿದ್ದರೆ 0.0. ಹನಿ ಬಿದ್ದು 0.1 ಮಿ.ಮೀ. ಕೂಡ ಆಗದಿದ್ದರೆ ‘ಲೇಶ’ ಎಂದು ಬರೆಯಿರಿ. ನೋಡದೇ ಹೋದ ದಿನಕ್ಕೆ ಅಡ್ಡಗೆರೆ. ಮೂರು ದಿನ ಊರಲ್ಲಿಲ್ಲದೆ ಬಂದು ಅಳೆದ 18 ಮಿ.ಮೀ.ಯನ್ನು ದಿನಕ್ಕೆ ಆರರಂತೆ ಹಂಚಬೇಡಿ. 2.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅದು ‘ಮಳೆ ದಿನ’. ಹಂಚಿದರೆ ಒಂದೇ ಮಳೆ ದಿನ ಮೂರಾಗುತ್ತದೆ. ಒಟ್ಟು ಮೊತ್ತ ಬರೆದು ‘ಮೂರು ದಿನದ್ದು’ ಎಂದು ಷರಾ ಹಾಕಿದರೆ ಸಾಕು.

ವಾರಗಟ್ಟಲೆ ಒಣಗಿ ನಿಂತ ಮಾಪಕದೊಳಗೆ ಇರುವೆ, ಜೇಡ, ಕಣಜ ಸೇರಿಕೊಳ್ಳುತ್ತವೆ. ಮೊದಲ ಮಳೆಗೆ ಮುಂಚಿನ ಗಾಳಿ ತರಗೆಲೆ ತಂದು ಆಲಿಕೆ ಕಟ್ಟಿಸುತ್ತದೆ, ನೀರು ಮೇಲೇ ನಿಂತು ಬಿಸಿಲಿಗೆ ಆರಿಹೋಗುತ್ತದೆ. ಮಳೆ ಬರಲಿ ಬಿಡಲಿ, ದಿನಾ ಮೇಲಿನ ಆಲಿಕೆ ತೆಗೆದು ನೋಡಲೇಬೇಕು. ಮೇ ಕೊನೆಗೆ ಸಮಸ್ಯೆ ತಿರುಗುಮುರುಗು. 200 ಚದರ ಸೆಂ.ಮೀ. ಮಾಪಕದ 4 ಲೀಟರ್ ಬಾಟಲಿ ಹಿಡಿಯುವುದು 200 ಮಿ.ಮೀ. ಮಾತ್ರ, ‘ಅತ್ಯಂತ ಭಾರೀ ಮಳೆ’ ಶುರುವಾಗುವುದೇ 204.5ರಿಂದ. ಜೋರು ಮಳೆಯ ದಿನ ಸಂಜೆ 5.30ಕ್ಕೂ ಅಳೆದು ಮರುದಿನ ಬೆಳಗಿನದಕ್ಕೆ ಕೂಡಿಸಿ. ಬಾಟಲಿಯಿಂದ ಉಕ್ಕಿ ಹೊರಗಿನ ಡಬ್ಬಕ್ಕೆ ಇಳಿದ ನೀರನ್ನೂ ಬಿಡಬೇಡಿ.

ಇನ್ನು ತಾಪಮಾನ. ಬಿಳಿ ಬಣ್ಣದ, ಗಾಳಿಯಾಡುವ, ಓರೆಪಟ್ಟಿಗಳ ಪೆಟ್ಟಿಗೆಯಲ್ಲಿ ತಾಪಮಾಪಕದ ಬುರುಡೆ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರಲಿ, ಬಾಗಿಲು ಉತ್ತರಕ್ಕೆ ತೆರೆಯಲಿ. ಜಗಲಿಯ ಗೋಡೆಗೆ ತೂಗಿದ ಡಿಜಿಟಲ್ ಸಾಧನ ಹೇಳುವುದು ಹೆಚ್ಚಾಗಿ ಗೋಡೆಯ ಬಿಸಿಯನ್ನು. ಕನಿಷ್ಠವನ್ನು ಬೆಳಿಗ್ಗೆ 8.30ಕ್ಕೆ, ಗರಿಷ್ಠವನ್ನು ಸಂಜೆ 5.30ಕ್ಕೆ ಓದಿ. ಬೆಳಿಗ್ಗೆ ಮಾತ್ರ ಓದುವವರು ಗರಿಷ್ಠವನ್ನು ಹಿಂದಿನ ದಿನಕ್ಕೆ ಬರೆಯಬೇಕು. ಮಳೆಯ ನಿಯಮ ಇದಕ್ಕೆ ಅನ್ವಯಿಸದು. ಕನಿಷ್ಠದ ಅಂಕಿ ಆ ಹೊತ್ತಿನ ತಾಪಮಾನಕ್ಕಿಂತ ಹೆಚ್ಚಿದ್ದರೆ ಕನಿಷ್ಠ ತಾಪ ಅಳೆಯುವ ಮದ್ಯಸಾರದ ಮಾಪಕ ಕೈಕೊಟ್ಟಿದೆ ಎಂದರ್ಥ. ಇರಬೇಕಾದ್ದಕ್ಕಿಂತ ಕಡಿಮೆ ತೋರಿಸುತ್ತಿದ್ದರೂ ಅದರೊಳಗಿನ ಮದ್ಯಸಾರದ ಎಳೆ ತುಂಡಾಗಿದೆಯೇ ನೋಡಿ. ಗಾಳಿಯ ತೇವ ತಿಳಿಯಲು ಬಳಸುವ ಒದ್ದೆ ಬತ್ತಿಯ ಮಾಪಕವಿದ್ದರೆ ಭಟ್ಟಿ ಇಳಿಸಿದ (ಡಿಸ್ಟಿಲ್ಡ್) ನೀರನ್ನೇ ಹಾಕಿ. ಕಡಲ ಗಾಳಿಯ ಉಪ್ಪು ಕೂತ ಬತ್ತಿ ನೀರು ಹೀರದೆ ಹೆಚ್ಚು ತಾಪ ತೋರಿಸುತ್ತದೆ, ವಾರಕ್ಕೊಮ್ಮೆಯಾದರೂ ಬದಲಿಸಿ.

ಷರಾ ಅಂಕಣದಲ್ಲಿ ಗಾಳಿಯ ದಿಕ್ಕು ಮತ್ತು ಕಡಲ ಗಾಳಿ ಶುರುವಾದ ಹೊತ್ತನ್ನು ಬರೆಯಲೇಬೇಕು. ಕರಾವಳಿಯ ಗರಿಷ್ಠ ತಾಪ ನಿಂತಿರುವುದೇ ಇದರ ಮೇಲೆ. ಕಡಲ ಗಾಳಿ ಬೇಗ ಬೀಸಿದರೆ ಏರುತ್ತಿದ್ದ ತಾಪ ಅಲ್ಲಿಗೇ ತಡೆಯುತ್ತದೆ. ಮೂಡಣದ ಒಣ ಗಾಳಿ ಬಲವಾಗಿದ್ದು ಕಡಲ ಗಾಳಿ ತಡವಾದರೆ, ಫೆಬ್ರವರಿ ಕೊನೆ, ಮಾರ್ಚ್‌ನಲ್ಲೇ ಕರಾವಳಿ ಒಳನಾಡಿಗಿಂತ ಹೆಚ್ಚು ಕಾಯುವುದುಂಟು. ಕರಾವಳಿಯಲ್ಲಿ ಬಿಸಿಗಾಳಿ ಎನ್ನಲು ಗರಿಷ್ಠ ತಾಪ 37 ಡಿಗ್ರಿ ತಲುಪಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು. ಅದೂ ಒಂದೇ ಹವಾಮಾನ ಉಪವಿಭಾಗದ (ಕರಾವಳಿ ಕರ್ನಾಟಕದಂಥ ವಲಯದ) ಎರಡು ಕೇಂದ್ರಗಳಲ್ಲಿ, ಎರಡು ದಿನ ಸತತವಾಗಿ. ನಿಮ್ಮೊಬ್ಬರ ಅಂಕಿಯಿಂದ ಅದನ್ನು ಘೋಷಿಸಲಾಗದು.

ವಾಡಿಕೆಗೆ ಹೋಲಿಸುವಾಗ ಮಾರ್ಚ್‌ನಲ್ಲಿ ಶೇಕಡಾ ಲೆಕ್ಕ ನಂಬಬೇಡಿ. ವಾಡಿಕೆ 5 ಮಿ.ಮೀ. ಇರುವಲ್ಲಿ ಒಂದೇ ಮಳೆ 20 ಮಿ.ಮೀ. ಸುರಿದರೆ ‘ಶೇ. 300 ಹೆಚ್ಚು’ ಆಗುತ್ತದೆ, ಬಾವಿಯ ನೀರು ಮಾತ್ರ ಏರಿರುವುದಿಲ್ಲ. ಮಿ.ಮೀ. ವ್ಯತ್ಯಾಸವನ್ನೇ ಬರೆಯಿರಿ. ಮೇ ಮೊತ್ತಕ್ಕೆ ಮುಂಗಾರು ಕಾಲಿಟ್ಟ ದಿನಾಂಕವನ್ನೂ ಸೇರಿಸಿ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ತಲುಪಿತ್ತು. ಅಂಥ ವರ್ಷದ ಮೇ ಮಳೆಯನ್ನು ಗುಡುಗು ಮಳೆಯೊಂದೇ ಇದ್ದ ಮೇ ಜೊತೆ ಕಣ್ಣುಮುಚ್ಚಿ ಹೋಲಿಸಬಾರದು. ಕೇರಳಕ್ಕೆ ಮುಂಗಾರು ಬಂತೆಂದು ಹೇಳಲು ಇಲಾಖೆ ನೋಡುವ 14 ಕೇಂದ್ರಗಳಲ್ಲಿ ಮಂಗಳೂರೂ ಒಂದು. ಮೇ 10ರ ನಂತರ ಇವುಗಳಲ್ಲಿ ಶೇ. 60ರಷ್ಟು ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾಗಬೇಕು, ಗಾಳಿ ಮತ್ತು ಮೋಡದ ಲಕ್ಷಣಗಳೂ ಕೂಡಿಬರಬೇಕು.

ಮಾಪಕದ ಜಾಗ ಬದಲಿಸಬೇಕಾಗಿ ಬಂದರೆ ಹಳೆಯದನ್ನು ಕೀಳುವ ಮೊದಲು ಹೊಸ ಜಾಗದಲ್ಲಿ ಇನ್ನೊಂದನ್ನಿಟ್ಟು ಒಂದು ವರ್ಷ ಎರಡನ್ನೂ ಓದಿ. ಸಾಧ್ಯವಾಗದಿದ್ದರೆ ಬದಲಿಸಿದ ದಿನಾಂಕ ಬರೆದು, ಹೊಸ ಪುಟದಿಂದ ಹೊಸ ದಾಖಲೆಯಾಗಿ ಶುರುಮಾಡಿ.