ಮಳೆಗಾಲದಲ್ಲಿ ಜಲವರ್ಣ: ದಿನಕ್ಕೆ ಒಂದೇ ವಾಶ್

ಮಲೆನಾಡಿನ ಮಳೆಗಾಲದಲ್ಲಿ ಜಲವರ್ಣ ಆಗದ ಮಾತು ಎಂದು ನನಗೆ ಹೇಳದವರಿಲ್ಲ. ಶಿವಮೊಗ್ಗದ ಕಲಾವಿದ ಮಿತ್ರರು ಆರಿದ್ರಾ ಮಳೆ ಹಿಡಿದ ಕೂಡಲೇ ಕಾಗದ ಕಟ್ಟಿಟ್ಟು ಅಕ್ರಿಲಿಕ್‌ಗೆ ಹೊರಳುತ್ತಾರೆ. ವರ್ಷಕ್ಕೆ ನಾಲ್ಕು ತಿಂಗಳು ಕೈಬಿಡುವುದನ್ನು ದಿನದ ಅಭ್ಯಾಸ ಎಂದು ಕರೆಯಲು ನನ್ನ ಮನಸ್ಸು ಒಪ್ಪಲಿಲ್ಲ. ಆಗುಂಬೆ ದಾರಿಯಲ್ಲಿರುವ ನಮ್ಮ ಮನೆಯ ಜಗಲಿಯಿಂದ ಕುಂದಾದ್ರಿ ಬೆಟ್ಟ ಕಾಣುತ್ತದೆ. ಮೋಡ ಸರಿದ ಐದು ನಿಮಿಷದಲ್ಲಿ ಆ ಬಂಡೆ ತೋರುವ ನೀಲಿ ಬೇಸಿಗೆಯಲ್ಲಿ ಹುಡುಕಿದರೂ ಸಿಗದು. ಕಳೆದ ಮಳೆಗಾಲ ಪೂರ್ತಿ ಬ್ರಶ್ ಕೆಳಗಿಡದೆ ಕೆಲಸ ಮಾಡಿದ್ದೇನೆ, ಚಿತ್ರಗಳೂ ಕೆಡದೆ ನಿಂತಿವೆ.

ಮೊದಲು ದುಡ್ಡು ಹೋದ ಬಗೆ ಹೇಳುತ್ತೇನೆ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದ ಪೂರ್ತಿ ಹಾಳೆಗೆ 600 ರೂಪಾಯಿ ಆಸುಪಾಸು. ಒಂದು ವರ್ಷ ಹದಿನೈದಿಪ್ಪತ್ತು ಹಾಳೆ ಒಟ್ಟಿಗೆ ತರಿಸಿ ಕಪಾಟಿನಲ್ಲಿಟ್ಟಿದ್ದೆ. ಪುನರ್ವಸು ಮಳೆ ಮುಗಿಯುವಷ್ಟರಲ್ಲಿ ಬೂಷ್ಟು ಅದರ ಜೆಲಟಿನ್ ಸೈಜಿಂಗನ್ನು, ಅಂದರೆ ಕಾಗದ ಬಣ್ಣವನ್ನು ಒಮ್ಮೆಲೇ ಹೀರದಂತೆ ತಡೆಯುವ ಅಂಟಿನ ಲೇಪವನ್ನು, ತಿಂದು ಹಾಕಿತ್ತು. ಒಣ ಹಾಳೆಯನ್ನು ಬೆಳಕಿಗೆ ಹಿಡಿದರೂ ಏನೂ ಕಾಣುವುದಿಲ್ಲ. ಆಕಾಶದ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಎಳೆದು ಮುಗಿಸುವಾಗ ಅಲ್ಲಲ್ಲಿ ಕಡಲೆ ಗಾತ್ರದ ಜಾಗ ಬಣ್ಣ ಕುಡಿದು ಗಾಢವಾಗಿ ನಿಲ್ಲುತ್ತದೆ. ಒದ್ದೆ ಬ್ರಶ್‌ನಿಂದ ಎತ್ತಲು ಹೋದರೆ ಇನ್ನಷ್ಟು ಒಳಗಿಳಿಯುತ್ತದೆ. ಹತ್ತು ಸಾವಿರದ ಮಾಲು ಹಾಗೆ ಹೋಯಿತು. ಈಗ ಕಾಗದವೆಲ್ಲ ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜೊತೆಗೆ. ನೀಲಿ ಹರಳು ತೇವ ಕುಡಿದು ಗುಲಾಬಿಗೆ ತಿರುಗಿದರೆ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿಗೆ ತರುತ್ತೇನೆ. ಬಣ್ಣದ ಪೆಟ್ಟಿಗೆಯೊಳಗೆ ಬೂಷ್ಟು ಬಾರದಂತೆ ಲವಂಗದ ಎಣ್ಣೆಯ ಹನಿ ಬಿಟ್ಟ ಹತ್ತಿ ಇರುತ್ತದೆ.

ಒಣಗಿಸುವುದು ಅದಕ್ಕಿಂತ ದೊಡ್ಡ ತಲೆನೋವು. ಹೇರ್ ಡ್ರೈಯರ್ ಕೊಂಡೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ ಬರುವುದಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ಹೊಗೆಗೆ ಹಳದಿ ಹತ್ತಿತು. ಮೇಲೆ ಒಣಗಿದಂತೆ ಕಂಡ ಹಾಳೆಯ ಒಡಲು ಇನ್ನೂ ಹಸಿಯಾಗಿರುತ್ತದೆ; ಎರಡನೇ ಪದರ ಹಾಕಿದರೆ ಕೆಳಗಿನ ಅಲ್ಟ್ರಾಮರಿನ್ ನೀಲಿ ಎದ್ದು ಬಂದು ಎಲ್ಲ ರಾಡಿಯಾಗುತ್ತದೆ.

ಆದ್ದರಿಂದ ಒಣಗಿಸುವುದನ್ನೇ ಬಿಟ್ಟೆ. ಹಾಳೆಯನ್ನು ಐದೂವರೆ, ಏಳೂವರೆ ಇಂಚಿನಂತೆ ಹದಿನಾರು ತುಂಡು ಮಾಡುತ್ತೇನೆ. ಏಳೆಂಟು ತುಂಡುಗಳು ಸದಾ ಸರದಿಯಲ್ಲಿರುತ್ತವೆ. ಬೆಳಿಗ್ಗೆ ಒಂದನ್ನು ತೆಗೆದುಕೊಂಡು ಒಂದೇ ವಾಶ್ ಹಾಕಿ ಎದ್ದುಬಿಡುತ್ತೇನೆ. ಅದರ ಸರದಿ ಮತ್ತೆ ಬರಲು ವಾರ ಬೇಕು. ಅಂಗೈಯ ಹಿಂಬದಿಯನ್ನು ಕಾಗದಕ್ಕೆ ಒತ್ತಿದರೆ ತಣ್ಣಗೆ ತಾಗಬಾರದು. ತಾಗಿದರೆ ಅದು ಪುನಃ ಸಾಲಿನ ಕೊನೆಗೆ. ಅಂಚಿಗೆ ಟೇಪ್ ಬೇಡ, ತೇವದಲ್ಲಿ ಕಾಗದದ ಮೈಯನ್ನೇ ಕಿತ್ತು ಬರುತ್ತದೆ. ಕ್ಲಿಪ್ ಸಾಕು.

ಅರ್ಧ ಗಂಟೆ ಕುಳಿತರೆ ಬಣ್ಣ ಹಚ್ಚುವುದು ನಾಲ್ಕೈದು ನಿಮಿಷ. ಉಳಿದದ್ದೆಲ್ಲ ನೋಡುವುದು. ಇನ್ನೊಂದು ಗೆರೆ, ಇನ್ನೊಂದು ಚೂರು ನೆರಳು ಎಂದು ಕೈ ಹವಣಿಸುತ್ತದೆ. ಅದನ್ನು ತಡೆದು ಕೂರುವುದೇ ನಿಜವಾದ ಕೆಲಸ. ಮೊದಲ ಕೆಲವು ವಾರ ಅದು ಹಿಂಸೆಯಾಗಿತ್ತು. ಆಮೇಲೆ ಬ್ರಶ್ ತೊಳೆದಿಟ್ಟು ನೀರು ಕಾಗದದ ಮೇಲೆ ತಾನಾಗಿ ಹರಡುವುದನ್ನು ನೋಡುತ್ತ ಉಸಿರು ನಿಧಾನವಾಗುವುದು ಗೊತ್ತಾಗತೊಡಗಿತು. ಕಣ್ಣು ಮುಚ್ಚಿ ಕುಳಿತ ಧ್ಯಾನ ನನಗೆ ಎಂದೂ ಹಿಡಿಸಲಿಲ್ಲ, ಇದು ಹಿಡಿಸಿತು.

ಹೀಗೆ ಬಿಟ್ಟು ಬಿಟ್ಟು ಮಾಡಿದರೆ ಜಲವರ್ಣದ ತಾಜಾತನ ಸತ್ತುಹೋಗುತ್ತದೆ ಎಂದು ಮಿತ್ರರು ವಾದಿಸಿದರು. ಆದದ್ದು ಬೇರೆ. ಕೆಳಪದರ ಪೂರ್ತಿ ಒಣಗಿರುವುದರಿಂದ ಮೇಲಿನದು ಗಾಜಿನಂತೆ ಕೂರುತ್ತದೆ. ಕೆಳಗೆ ಕಾಗದಕ್ಕೆ ಕಚ್ಚಿಕೊಳ್ಳುವ ಥ್ಯಾಲೋ ಬ್ಲೂ ತೆಳುವಾಗಿ, ಕಣಕಣವಾಗಿ ಒಡೆಯುವ ಅಲ್ಟ್ರಾಮರಿನ್ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕಂದು ಕೊನೆಗೆ. ಈ ಕ್ರಮ ತಿರುಗಿಸಬೇಡಿ. ಆ ಮಿತ್ರರಲ್ಲೊಬ್ಬರು ಈ ವರ್ಷ ನನ್ನ ತುಂಡುಗಳ ಅಳತೆ ಕೇಳಿ ಬರೆದುಕೊಂಡು ಹೋದರು. ಕೊನೆಯ ಪದರದ ನೀರಿಗೆ ನಾನು ಏನು ಸೇರಿಸುತ್ತೇನೆಂದು ಅವರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ನಡುವೆ ಚೊಗರಿನ ಪ್ರಯೋಗವೂ ನಡೆಯಿತು. ಹಿಂದಿನ ಸುಗ್ಗಿಯಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಈ ರಸವನ್ನು ಸೋಸಿ ಗೋಂದು ಬೆರೆಸಿದೆ. ನೆನೆದ ಮಣ್ಣಿನ ಧರೆಗೆ ಹೇಳಿ ಮಾಡಿಸಿದ ಕೆಂಗಂದು. ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಅದೇ ಚೊಗರು ಕಪ್ಪಿಗೆ ತಿರುಗುತ್ತದೆ, ಮಳೆಯಲ್ಲಿ ತೊಯ್ದ ಕಾಂಡಗಳಿಗೆ ಚೆನ್ನ. ಆದರೆ ಕಿಟಕಿಗೆ ಅಂಟಿಸಿದ್ದ ಮಾದರಿ ಒಂದೆರಡು ತಿಂಗಳಲ್ಲಿ ಮಂಕಾಯಿತು. ಮಾರುವ ಚಿತ್ರಕ್ಕೆ ಹಾಕುವುದಿಲ್ಲ, ನನ್ನ ಪುಸ್ತಕಕ್ಕೆ ಹಾಕುತ್ತೇನೆ.

ಒಂದು ತುಂಡಿಗೆ ಕಾಗದ, ಬಣ್ಣ ಸೇರಿ 50 ರೂಪಾಯಿ ಬೀಳುತ್ತದೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಒಯ್ದಿದ್ದೆ. ಕುಮಾರಕೃಪಾ ರಸ್ತೆಯಲ್ಲಿ ಸಂಜೆಯೊಳಗೆ ಮೂವತ್ತರ ಹತ್ತಿರ ಹೋದವು, ಒಂದಕ್ಕೆ ಸಾವಿರದ ಮೇಲೆಯೇ. ಬಸ್ಸು, ಚಿತ್ರದ ರಟ್ಟಿನ ಮೌಂಟು, ಊಟ ಕಳೆದರೂ ಹಾಳಾದ ಕಾಗದದ ಸಾಲ ತೀರಿ ಮೇಲಿಷ್ಟು ಉಳಿಯಿತು.

ಈ ಸಲ ಶುರು ಮಾಡುವವರು ಕಾಗದವನ್ನು ಮೇ ತಿಂಗಳಲ್ಲೇ ತರಿಸಿ ಡಬ್ಬಕ್ಕೆ ಸೇರಿಸಿ. ಮೃಗಶಿರಾ ಮಳೆ ಬಿದ್ದ ಮೇಲೆ ಬರುವ ಪಾರ್ಸೆಲ್ ದಾರಿಯಲ್ಲೇ ತೇವ ಕುಡಿದಿರುತ್ತದೆ.